ಹಳ್ಳದ ದಂಡೆಯ ಎರಡು ಬಳ್ಳಿಗಳು

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟೋ ಸಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂದುಕೊಂಡೆ, ತೆಗೆಸಿದೆ, ಬರೆಯಲಿಲ್ಲ. ಚಳಿ ಹೋಗಲಿ ಅಂದೆ. ಮಳೆಗಾಲ ಮುಗಿಯಲಿ ಅಂದೆ. ನಾನು ಬಸ್ ಕಂಡಕ್ಟರನಾಗಿ ದುಡಿದು ನಿವೃತ್ತನಾದವನು. ಮ್ಯಾಟ್ರಿಕ್‌ವರೆಗೆ ಓದಿದ್ದೇನೆ. ಬರೆಯುವುದು ಬಾರದೆ ಬಿಟ್ಟದ್ದಲ್ಲ. ಬರೆದರೆ ನನ್ನ ಮುಖ ನಾನೇ ನೋಡಿಕೊಳ್ಳಬೇಕಾಗುತ್ತದೆ, ಅದಕ್ಕೆ ಬಿಟ್ಟೆ.

ಹೇಳಬೇಕಾದದ್ದು ನನ್ನ ಅಣ್ಣನ ಹೆಂಡತಿಯ ವಿಷಯ. ಹೋದ ದೀಪಾವಳಿ ಮುಗಿದ ವಾರದಲ್ಲಿ ಅವರು ತೀರಿಕೊಂಡರು. ಅವರ ಹೆಸರು ಇಲ್ಲಿ ಬರುವುದಿಲ್ಲ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ವೈನಿ ಅನ್ನುತ್ತೇವೆ. ನಾನೂ ಹಾಗೇ ಅನ್ನುತ್ತಿದ್ದೆ. ಕೊನೆಯ ಕೆಲವು ವರ್ಷ ಅದೂ ನನ್ನ ಬಾಯಿಗೆ ಬರದಂತಾಯಿತು.

ಹುಮನಾಬಾದಿನವರು ಅವರು. ತಂದೆಗೆ ಅಲ್ಲಿನ ಬಜಾರಿನಲ್ಲಿ ಬೇರು, ತೊಗಟೆ, ಒಣಗಿದ ಕಾಯಿ ಮಾರುವ ಅಂಗಡಿ ಇತ್ತು. ಕೊಹಿನೂರು ಎಂಬ ಹಳ್ಳಿಯ ನಮ್ಮ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದಾಗ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಲ ದಿನ ಬಡಿದ ರೊಟ್ಟಿಯ ಅಂಚು ಹಲ್ಲುಹಲ್ಲಾಗಿ ಒಡೆದಿತ್ತು. ನಮ್ಮವ್ವ ಅದನ್ನು ಎತ್ತಿ ಹಿಡಿದು, "ಇದೇನವ್ವಾ, ರೊಟ್ಟಿನೋ, ಕಲ್ಯಾಣದ ಕ್ವಾಟಿನೋ?" ಅಂದಳು. ಕೋಟೆಯ ಮಾತಿಗೆ ಮನೆ ತುಂಬ ನಗೆ. ಹೊಸ ಸೊಸೆ ತಲೆ ತಗ್ಗಿಸಿ ಅಳಬೇಕಿತ್ತು. ಅವರು ಇನ್ನೊಂದು ರೊಟ್ಟಿ ತಟ್ಟೆಗೆ ಹಾಕಿ, "ಕ್ವಾಟಿ ಅಂದ್ಮ್ಯಾಲ ಗಟ್ಟಿ ಇರಬೇಕಲ್ರೀ ಅತ್ತಿ. ಹಲ್ಲು ಜ್ವಾಕಿ" ಅಂದರು. ಅವ್ವ ಅಂದಿನಿಂದಲೇ ಅವರ ಕೈಗೆ ಸಿಕ್ಕಳು.

ಅವರನ್ನು ಸಾಧ್ವಿ, ತಾಳ್ಮೆಯ ಮೂರ್ತಿ ಎಂದೆಲ್ಲ ಬರೆದರೆ ಅವರೇ ನಕ್ಕಾರು. ಚೌಕಾಬಾರ ಆಡುವಾಗ ಕವಡೆ ಉರುಳಿ ನಿಲ್ಲುವ ಮೊದಲೇ ಸೆರಗಿನ ತುದಿಯಿಂದ ಒಂದನ್ನು ಮಗುಚಿಬಿಡುತ್ತಿದ್ದರು. ಹಿಡಿದುಬಿಟ್ಟರೆ, "ಗಾಳಿ ಬಂತು" ಅನ್ನುತ್ತಿದ್ದರು. ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಕೋಣೆಯಲ್ಲಿ ಯಾವ ಗಾಳಿಯೋ! ಸೀರೆಯ ಬಣ್ಣದ ವಿಷಯದಲ್ಲಿ ಬಹಳ ಹಟ. ಹಲ್ಲಿಗೆ ಹೆದರುತ್ತಿದ್ದರು, ಹಾವಿಗೆ ಹೆದರುತ್ತಿರಲಿಲ್ಲ. ಕಲ್ಯಾಣದ ಸಂತೆಯಲ್ಲಿ ಬಾಗವಾನರ ಮುದುಕಿಯ ಜೊತೆ ಅವಳ ದಖನಿ ಉರ್ದುವಿನಲ್ಲೇ ಬದನೆಕಾಯಿಗೆ ಜಗಳ ತೆಗೆದು, ಜಗಳ ಮುಗಿದ ಮೇಲೆ ಅವಳ ಪಕ್ಕದಲ್ಲೇ ಕೂತು ಬಶಿಯಲ್ಲಿ ಚಹಾ ಕುಡಿದು ಬರುತ್ತಿದ್ದರು.

ನನಗೆ ಹುಮನಾಬಾದಿನಲ್ಲಿ ಮನೆ. ಅಲ್ಲಿಂದ ಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಎಷ್ಟೋ ವರ್ಷ ನನ್ನ ಡ್ಯೂಟಿ ಇತ್ತು. ತವರಿಗೆ ಬಂದು ಹೋಗುವಾಗ ಅವರು ನನ್ನ ಬಸ್ಸನ್ನೇ ಕಾದು ಹತ್ತುತ್ತಿದ್ದರು. ಒಮ್ಮೆ ನಾನು, "ಕೂಡ್ರಿ ವೈನಿ, ತಿಕೀಟ ಇರಲಿ ಬಿಡ್ರಿ" ಅಂದೆ.

"ಯಾಕ, ಬಸ್ಸು ನಿಮ್ಮಪ್ಪಂದೇನು?"

"ಮನಿಯವರು ಅಂತ ಅಂದೆ ರೀ."

"ಚೆಕಿಂಗ್‌ನವ ಬಂದು ನಿನ್ನ ನೌಕರಿ ಹೋಯ್ತಂದ್ರ ನಿನ್ನ ಹೆಂಡ್ತಿ ಮಕ್ಕಳನ್ನ ಯಾರು ಸಾಕಬೇಕು? ನಾನ. ತಿಕೀಟ ಕೊಡು ತಮ್ಮಾ, ನನಗ ಅದ ಅಗ್ಗ ಬೀಳ್ತದ."

ಇಡೀ ಬಸ್ಸು ನಕ್ಕಿತು. ಡ್ರೈವರನೂ ಕನ್ನಡಿಯಲ್ಲಿ ನೋಡಿ ನಕ್ಕ.

ಅವರಿಗೆ ಮಕ್ಕಳಾಗಲಿಲ್ಲ. ಸೋಲಾಪುರದ ಡಾಕ್ಟರಿಗೆ ತೋರಿಸಿದರು, ಹೈದರಾಬಾದಿಗೂ ಹೋಗಿ ಬಂದರು. ಹೋದಾಗಲೆಲ್ಲ ಅವ್ವನನ್ನೋ ತಮ್ಮ ತಾಯಿಯನ್ನೋ ಕರೆದುಕೊಂಡು ಹೋಗುತ್ತಿದ್ದರು. ನಿಮ್ಮಲ್ಲಿ ದೋಷ ಕಾಣುವುದಿಲ್ಲ, ಗಂಡನನ್ನು ಕರೆದುಕೊಂಡು ಬನ್ನಿ ಎಂದು ಎರಡೂ ಕಡೆ ಹೇಳಿದರಂತೆ. ಅಣ್ಣ ಹೋಗಲಿಲ್ಲ. "ನನಗೇನಾಗೇದ?" ಅಂದ. ಅವನು ಕೆಟ್ಟವನಲ್ಲ, ದನಿ ಎತ್ತಿ ಮಾತಾಡಿದವನಲ್ಲ. ಆದರೆ ಆ ಒಂದು ಮಾತಿನಿಂದ ಅವನು ಕದಲಲಿಲ್ಲ, ನಾವು ಯಾರೂ ಕದಲಿಸಲೂ ಇಲ್ಲ. ಊರು ಬಂಜೆ ಅಂದದ್ದು ಅವರನ್ನೇ. ಅಣ್ಣ ಐವತ್ತು ದಾಟಿದೊಡನೆ ಹೃದಯಾಘಾತದಲ್ಲಿ ಹೋದ. ಹೊಲವನ್ನು ಆಮೇಲೆ ಅವರೇ ಮುಂದೆ ನಿಂತು ಮಾಡಿಸಿದರು.

ನಮ್ಮ ಹೊಲ ಎರೆಭೂಮಿ. ಆದರೆ ಅದರ ಕೊನೆಯಲ್ಲಿ ಹಳ್ಳ ಇಳಿಯುವ ಕಡೆ ಮಣ್ಣು ಬದಲಾಗುತ್ತದೆ. ಕೆಂಪು, ಹರಳು ಬೆರೆತ ಮುರುಮಿನ ಮಣ್ಣು, ನೀರು ನಿಲ್ಲುವುದಿಲ್ಲ. ಅಲ್ಲಿ ನೇಗಿಲು ಹಾಯುವುದಿಲ್ಲವೆಂದು ನಮ್ಮ ಅಜ್ಜನ ಕಾಲದಿಂದಲೂ ಹಾಗೇ ಬಿಟ್ಟದ್ದು. ಬೇವು, ಕಕ್ಕೆ, ಬಾರಿ, ಒಂದು ಹಳೆಯ ಮಾವು, ನಡುವೆ ಹೆಸರು ಗೊತ್ತಿಲ್ಲದ ಪೊದೆಗಳು, ಒಂದು ಸಣ್ಣ ಕಾಡೇ ಅನ್ನಿ. ಮದುವೆಯಾದ ಮೊದಲ ಚಳಿಗಾಲದಲ್ಲಿ ಬುತ್ತಿ ತಂದ ಅವರು ಅಲ್ಲಿ ಬೇವಿನ ಗಿಡದ ಕೆಳಗೆ ನಿಂತು ಕೂಗಿಕೊಂಡರು. ಹಾವೇ ಎಂದು ನಾವು ಓಡಿ ಹೋದೆವು. ಗಿಡಕ್ಕೆ ಹಬ್ಬಿದ ಒಂದು ಬಳ್ಳಿಯ ತುಂಬ ಬಟಾಣಿಯಷ್ಟು ಹಳದಿ ಕಾಯಿಗಳ ಗೊಂಚಲು. ಕಾಯಿಗಳು ಮೂರು ಹೋಳಾಗಿ ಬಿರಿದು ಒಳಗಿನ ಕೆಂಪು ಬೀಜ ಹೊರಗೆ ಕಾಣುತ್ತಿತ್ತು.

"ಮಾಲಕಂಗಣಿ ಇದು! ನಮ್ಮಪ್ಪನ ಅಂಗಡ್ಯಾಗ ಡಬ್ಬಿಗಟ್ಲೆ ಇರತದ. ಅಯ್ಯ, ಇದು ಗಿಡದಾಗ ಬೆಳೀತದಂತ ನನಗೇನು ಗೊತ್ತು? ಡಬ್ಬಿದಾಗ ಹುಟ್ಟತದಂತ ತಿಳಿದಿದ್ದೆ!"

ಆ ಬಳ್ಳಿ ಅಂದಿನಿಂದ ಅವರದಾಯಿತು. ಬೀಜ ಒಣಗಿಸಿ, ಒರಳಲ್ಲಿ ಕುಟ್ಟಿ, ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ ಸೋಸುತ್ತಿದ್ದರು. ಕುಂಕುಮ ಕದಡಿದಂಥ ಬಣ್ಣ, ಮೂಗಿಗೆ ಬಡಿಯುವ ಕಹಿ ವಾಸನೆ. ಅವ್ವನ ಬೆರಳಿನ ಗೆಣ್ಣುಗಳು ಚಳಿಗೆ ಮಡಚದಂತಾಗುತ್ತಿದ್ದವು. ಸಂಜೆ ಸಂಜೆ ಅವರು ಒಂದೊಂದೇ ಬೆರಳು ಹಿಡಿದು ತಿಕ್ಕುತ್ತಿದ್ದರು. ನೋವು ಹೋದದ್ದು ಎಣ್ಣೆಯಿಂದಲೋ ಆ ಕೈಯಿಂದಲೋ ನಾನು ಹೇಳಲಾರೆ. ಊರ ಹೆಂಗಸರು ಮೊಣಕಾಲಿಗೆಂದು ಬಾಟಲಿ ಹಿಡಿದು ಬರತೊಡಗಿದರು. ಯಾರ ಕೂಸಿನ ತೊಟ್ಟಿಲಿಗೂ ಮುಂದೆ ಕರೆಯದಿದ್ದ ಹೆಂಗಸನ್ನು ಆ ಬಾಟಲಿಯ ನೆಪದಲ್ಲಿ ಎಲ್ಲ ಮನೆಗೂ ಕರೆದರು. ಬಳ್ಳಿಯಿಂದ ಅವರಿಗೆ ಸಿಕ್ಕಿದ್ದು ಅದು. ಊರಿನಲ್ಲಿ ಕೂಡಲು ಒಂದು ಜಾಗ.

ಒಂದು ಸಸಿಯನ್ನು ಡಬ್ಬದಲ್ಲಿಟ್ಟು ಬಸ್ಸಿನಲ್ಲಿ ನಮ್ಮ ಹುಮನಾಬಾದಿನ ಮನೆಗೂ ತಂದರು. ನನ್ನ ಮಗಳು ಆಗ ಸಣ್ಣವಳು. ಸೂಟಿ ಬಂತೆಂದರೆ ಕೊಹಿನೂರಿಗೆ ಹೋಗಿ ದೊಡ್ಡವ್ವನ ಸೆರಗು ಹಿಡಿದು ಅದೇ ಹಳ್ಳದ ದಂಡೆಯಲ್ಲಿ ಬೆಳೆದ ಹುಡುಗಿ. ಇಬ್ಬರೂ ಸೇರಿ ಬಚ್ಚಲ ನೀರು ಹರಿಯುವಲ್ಲಿ ಸಸಿ ನೆಟ್ಟರು. ತಿಂಗಳೊಳಗೆ ಬೇರು ಕೊಳೆಯಿತು. ಮುಂದಿನ ವರ್ಷ ಅಂಗಳದ ನಡುವೆ ನೆಟ್ಟರು, ಬಿಸಿಲಿಗೆ ಸುಟ್ಟಿತು. ಅವರು ಸೊಂಟದ ಮೇಲೆ ಕೈಯಿಟ್ಟು ನಮ್ಮ ಅಂಗಳ ನೋಡಿ, "ಇದಕ್ಕ ಕಾಲು ನೆರಳಾಗ ಇರಬೇಕು, ತಲಿ ಬಿಸಲಾಗ ಇರಬೇಕು. ನಿಮ್ಮ ಮನ್ಯಾಗ ನೀರು ಅಂದ್ರ ಬರೀ ನೀರು, ಬಿಸಲು ಅಂದ್ರ ಬರೀ ಬಿಸಲು. ನಿಮ್ಮಂಗ ಅದ" ಅಂದರು. ಹಕ್ಕಿ ತಿಂದು ಹಾಕಿದ ಬೀಜ ಗಿಡದ ಬುಡದ ತರಗೆಲೆಯಲ್ಲಿ ಮೊಳೆಯಬೇಕು, ನೆರಳಲ್ಲಿ ಮೆಲ್ಲಗೆ ಏಳಬೇಕು, ಸುತ್ತಿಕೊಳ್ಳಲು ಒಂದು ಕೊಂಬೆ ಸಿಕ್ಕ ಮೇಲೆ ಬಿಸಿಲಿಗೆ ಓಡಬೇಕು, ಅದರ ಬದುಕೇ ಹಾಗೆ ಎಂದು ನಾನು ತಿಳಿದದ್ದು ಆಮೇಲೆ.

ಹಳ್ಳದ ದಂಡೆಯಲ್ಲಿ ಅಂಥದೇ ಇನ್ನೊಂದು ಬಳ್ಳಿ ಇತ್ತು, ಮಾವಿನ ಗಿಡದ ಮೇಲೆ. ಎಲೆ ಒಂದೇ, ತೊಗಟೆಯ ಮೇಲೆ ಎಳ್ಳು ಚೆಲ್ಲಿದಂಥ ಬಿಳಿ ಚುಕ್ಕಿಗಳೂ ಒಂದೇ. ಬೇಸಿಗೆಯ ಕೊನೆಗೆ ಎರಡೂ ಚಿಗುರಿ, ಹಸಿರು ಬಣ್ಣದ ಸಣ್ಣ ಹೂ ಬಿಡುತ್ತಿದ್ದವು. ಬೇವಿನ ಮೇಲಿನದು ಕಾಯಿ ಕಟ್ಟುತ್ತಿತ್ತು, ಮಾವಿನ ಮೇಲಿನದು ಹೂ ಉದುರಿಸಿ ಸುಮ್ಮನಾಗುತ್ತಿತ್ತು.

ನಿವೃತ್ತಿಗೆ ಇನ್ನೂ ಎರಡು ಮೂರು ವರ್ಷ ಇದ್ದಾಗಿನ ಮಾತು. ರಜೆಯ ಮೇಲೆ ಊರಿಗೆ ಹೋಗಿದ್ದೆ. ಬಳ್ಳಿಯ ಭಾರಕ್ಕೆ ಮಾವು ಸೊರಗಿದೆ, ಉಪ್ಪಿನಕಾಯಿಗೂ ಕಾಯಿ ಬರಲಿಲ್ಲ ಎಂದು ನನಗೆ ಅನಿಸಿತು. ಹೊರಗಿನ ಊರಿನ ಒಬ್ಬ ಕೂಲಿಯವನನ್ನು ಕರೆದು, ಕೊಡಲಿ ನಾನೇ ಹಿಡಿದು ನಿಂತೆ. ನಮ್ಮ ಕಡೆ ಪಪ್ಪಾಯಿ ಗಿಡ ಬರೀ ಹೂ ಬಿಟ್ಟರೆ ಗಂಡು ಎಂದು ಕಡಿದು ಹಾಕುತ್ತಾರೆ. ಹಿತ್ತಲಲ್ಲಿ ನಾನೂ ಎಷ್ಟೋ ಕಡಿದಿದ್ದೇನೆ. ಉಳಿದ ಗಿಡಗಳು ಕಾಯಿ ಬಿಡುತ್ತಲೇ ಇರುತ್ತವೆ, ಯಾಕೆಂದರೆ ಪಕ್ಕದ ಹಿತ್ತಲಲ್ಲಿ ಎಲ್ಲೋ ಒಂದು ಗಂಡು ಗಿಡ ಇದ್ದೇ ಇರುತ್ತದೆ. ಆದರೆ ಈ ಹಳ್ಳದ ಸುತ್ತ ಎರೆಹೊಲ, ಸೋಯಾ, ತೊಗರಿ. ಈ ಬಳ್ಳಿಗೆ ನೆರೆಯ ಹಿತ್ತಲಿರಲಿಲ್ಲ. ಅಷ್ಟು ದೂರ ನನ್ನ ತಲೆ ಓಡಲಿಲ್ಲ.

ಅಷ್ಟರಲ್ಲಿ ಅವರು ಬುತ್ತಿಯ ಗಂಟು ಹಿಡಿದು ಬಂದರು. "ಯಾಕ ತಮ್ಮಾ, ಏನು ಮಾಡಾಕತ್ತೀ? ಇರಲಿ ಬಿಡು, ಹೂವಾದ್ರೂ ಬಿಡತದ. ಜೇನು ಬರ್ತಾವ."

"ಹೂವು ತಗೊಂಡು ಏನು ಮಾಡೂದ್ರಿ ವೈನಿ? ಕಾಯಿ ಹಿಡೀಲಾರದ್ದನ್ನ ಇಟಗೊಂಡು ಗಿಡಕ್ಕ ಭಾರ ಯಾಕ?"

ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಎಲ್ಲದಕ್ಕೂ ಉತ್ತರ ಇರುತ್ತಿದ್ದ ಹೆಂಗಸು ಅವರು. ಅವತ್ತು ಗಂಟು ಕೆಳಗಿಟ್ಟು, ರೊಟ್ಟಿಯ ಮೇಲಿನ ಅರಿವೆ ಸರಿಪಡಿಸಿ, "ಪಲ್ಯಾ ಆರ್ತದ, ಉಣ್ರಿ" ಎಂದು ಹಿಂದಕ್ಕೆ ಹೋದರು. ನಾನು ಕಡಿದೆ. ಬಳ್ಳಿ ಗಟ್ಟಿ ಇತ್ತು, ಕೊಡಲಿ ಮೂರು ನಾಲ್ಕು ಕಡೆ ಕಚ್ಚಿತು.

ಮುಂದಿನ ಚಳಿಗಾಲದಲ್ಲಿ ಬೇವಿನ ಮೇಲಿನ ಬಳ್ಳಿ ಕಾಯಿ ಕಟ್ಟಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಹೂ ಬಿಟ್ಟಿತು, ಉದುರಿಸಿತು. ಊರಿನಲ್ಲಿ ಮಾತು ಹುಟ್ಟಿತು: ಆಕೆಯ ಕೈಗುಣ, ಕಾಯಿ ಬಿಡೋ ಬಳ್ಳಿನೂ ಬಂಜೆ ಮಾಡಿದಳು. ಇಷ್ಟು ವರ್ಷ ಅದೇ ಕೈಯ ಎಣ್ಣೆ ತಿಕ್ಕಿಸಿಕೊಂಡವರೇ ಅಂದರು. ಬಾಟಲಿಗಳು ಬರುವುದು ನಿಂತಿತು. ತೊಟ್ಟಿಲಿಗೆ ಕರೆಯುವುದೂ ನಿಂತಿತು.

ನನಗೆ ನಿಜ ತಿಳಿದದ್ದು ಬಸ್ಸಿನಲ್ಲಿ. ಹುಮನಾಬಾದಿನಲ್ಲಿ ನರ್ಸರಿ ಇಟ್ಟುಕೊಂಡಿದ್ದ ಒಬ್ಬ ಸಸಿಯ ಬುಟ್ಟಿ ಹಿಡಿದು ಹತ್ತಿದ. ಬುಟ್ಟಿಯಲ್ಲಿ ಅದೇ ಎಲೆ ಕಂಡು ಕೇಳಿದೆ.

"ಹೌದ್ರಿ, ಮಾಲಕಂಗಣಿನ. ಆದ್ರ ಒಂದ ಒಯ್ದು ಹಚ್ಚಿ, ಕಾಯಿ ಬರಲಿಲ್ಲಂತ ನನಗ ಬೈಬ್ಯಾಡ್ರಿ ಮತ್ತ. ಇದರಾಗ ಗಂಡು ಬಳ್ಳಿ ಬ್ಯಾರೆ, ಹೆಣ್ಣು ಬಳ್ಳಿ ಬ್ಯಾರೆ. ಹೂ ಬಿಡೂತನಕ ಯಾವುದು ಯಾವುದಂತ ನನಗೂ ಗೊತ್ತಾಗಂಗಿಲ್ಲ."

"ಗಂಡು ಇಲ್ಲಂದ್ರ?"

"ಹೆಣ್ಣು ಏನು ಮಾಡ್ತದ ರೀ ಪಾಪ? ಸುಮ್ನ ಹೂ ಬಿಡ್ತದ."

ಮುಂದಿನ ಸ್ಟಾಪಿಗೆ ಸೀಟಿ ಊದುವುದನ್ನು ಮರೆತೆ. ಜನ ಕೂಗಿದ ಮೇಲೆ ಡ್ರೈವರ್ ಬಸ್ಸು ನಿಲ್ಲಿಸಿದ.

ಮರುದಿನವೇ ಕೊಹಿನೂರಿಗೆ ಹೋಗಿ ಹೇಳಬಹುದಿತ್ತು. ಅವರಿಗೆ ಮಾತ್ರ ಹೇಳಿದರೆ ಸಾಲದು, ಚಾವಡಿಯ ಮುಂದೆ ನಿಂತು, ಕಡಿದವನು ನಾನು, ಬಳ್ಳಿ ನಿಂತದ್ದು ನನ್ನಿಂದ ಅನ್ನಬೇಕಿತ್ತು. ಎರಡನ್ನೂ ಮಾಡಲಿಲ್ಲ. ಹಬ್ಬಕ್ಕೆ ಹೋದಾಗ ಹೇಳಿದರಾಯಿತು ಅಂದುಕೊಂಡೆ.

ಹಬ್ಬಕ್ಕಿಂತ ಮೊದಲು ಮಗಳ ಕುಬಸ, ಅಂದರೆ ಸೀಮಂತ, ಬಂತು. ಚೊಚ್ಚಲ ಬಸುರಿ, ನಮ್ಮ ಮನೆಯಲ್ಲೇ ಕಾರ್ಯ. ಹಿಂದಿನ ದಿನ ನನ್ನ ಹೆಂಡತಿ, ಅವಳ ಅಕ್ಕತಂಗಿಯರು ಅಡಿಗೆಮನೆಯಲ್ಲಿ ಮಾತಾಡುತ್ತಿದ್ದರು. ನಾನು ಹೊಸ್ತಿಲಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದೆ.

"ಕೊಹಿನೂರಾಕಿ ಬರ್ಲಿ, ಉಣ್ಲಿ, ಹೋಗ್ಲಿ. ಉಡಿ ತುಂಬಾಕ ಮಾತ್ರ ಬ್ಯಾಡವ್ವ. ಬಳ್ಳಿ ಸುದ್ದಿ ಕೇಳಿಲ್ಲೇನು?" ಅಂದಳು ನಾದಿನಿ.

ಹೆಂಡತಿ ನನ್ನ ಕಡೆ ನೋಡಿದಳು. "ಏನಂತೀರಿ?"

ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿತ್ತು. "ನಿಮ್ಮ ಹೆಂಗಸರ ಮಾತಿನಾಗ ನನ್ನ ಯಾಕ ಎಳೀತೀರಿ?" ಅಂದು ನಾರು ಕೀಳುತ್ತ ಕೂತೆ.

ಅವರು ಬಂದರು. ಗಿಣಿಹಸಿರು ಸೀರೆ, ಕೈಯಲ್ಲೊಂದು ಚೀಲ. ಮುತ್ತೈದೆಯರದು ಮುಗಿದ ಮೇಲೆ, ಎತ್ತಿ ಆಡಿಸಿದ ದೊಡ್ಡವ್ವ ಎಂದು ತಮ್ಮನ್ನೂ ಒಮ್ಮೆ ಕರೆದಾರು ಅಂದುಕೊಂಡಿದ್ದರೋ ಏನೋ, ಚೀಲ ತೊಡೆಯ ಮೇಲಿಟ್ಟುಕೊಂಡು ಕಾದರು. "ದೊಡ್ಡವ್ವ ಎಲ್ಲಿ?" ಎಂದು ಮಗಳು ಕೇಳಿದಳು. "ಬರ್ತಾಳ, ನೀ ಕೂಡು" ಅಂದರು ಯಾರೋ. ಅವರಿಗೂ ಅದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಅಡಿಗೆಮನೆಗೆ ಹೋಗಿ ಹೋಳಿಗೆ ಬೇಯಿಸಲು ಕೂತರು. ಅಲ್ಲಿಂದ ನಗುವುದು ಕೇಳಿಸುತ್ತಿತ್ತು.

ಸಂಜೆ ನಾನೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರಲು ಹೋದೆ. ಬಸ್ಸು ಹತ್ತುವ ಮುಂಚೆ ಚೀಲ ನನ್ನ ಕೈಗಿಟ್ಟರು. ಒಳಗೆ ಒಂದು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಕಾಗದದಲ್ಲಿ ಸುತ್ತಿದ ಹಸಿರು ಬಳೆ.

"ಆಮ್ಯಾಲ ಹುಡುಗಿಗಿ ಕೊಡು. ನಾ ಕೊಟ್ಟೀನಂತ ಹೇಳಬ್ಯಾಡ, ಯಾರಿಗ್ಯಾಕ ಸಂಶಯ. ಬಳಿ ಅಳತಿ ಬರಾಬರ್ ಅದ, ನಾ ನೋಡೀನಿ."

ಹೇಳಬೇಡ ಅಂದದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಅವರು ಹೇಳಿದ ಮಾತುಗಳಲ್ಲಿ ನಾನು ತಪ್ಪದೆ ನಡೆಸಿದ್ದು ಅದೊಂದೇ. ಬಜಾರಿನಿಂದ ನಾನು ತಂದದ್ದು ಎಂದು ಮಗಳಿಗೆ ಹೇಳಿದೆ. ಅವಳು ಆ ಬಳೆ ತೊಟ್ಟೇ ಹೆತ್ತಳು.

ಅವತ್ತಿನಿಂದ ಅವರನ್ನು ವೈನಿ ಎಂದು ಕರೆಯಲು ನಾಲಿಗೆ ಏಳಲಿಲ್ಲ. "ಬರ್ರಿ", "ಕೂಡ್ರಿ", "ಆರಾಮ ಇದ್ದೀರೇನ್ರಿ" ಅಷ್ಟರಲ್ಲೇ ಮುಗಿಸುತ್ತಿದ್ದೆ. ಅವರು ಗಮನಿಸದೆ ಇರುವವರೇ? "ಯಾಕ ತಮ್ಮಾ, ನನಗೇನು ಹೆಸರಿಲ್ಲೇನು? ತಿಕೀಟ ಇಲ್ಲದ ಪ್ಯಾಸೆಂಜರ್ ಮಾತಾಡ್ಸಿದಂಗ ಮಾತಾಡ್ತಿ" ಎಂದು ಒಮ್ಮೆ ನಕ್ಕರು. ಅದೂ ಒಂದು ಬಾಗಿಲು. ನಾನೂ ನಕ್ಕೆ, ಹೊಕ್ಕಲಿಲ್ಲ.

ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ನಮ್ಮ ಹಳೆಯ ಡಿಪೋದ ಹುಡುಗನೊಬ್ಬ ಮನೆಗೆ ಬಂದು ಒಂದು ಬಾಟಲಿ ಕೊಟ್ಟ. "ಕೊಹಿನೂರ್ ಕ್ರಾಸ್‌ನಾಗ ಒಬ್ಬ ಅಮ್ಮ ಕೊಟ್ಟಾರ್ರಿ. ನಿಮ್ಮ ಮನಿಯವರ ಮೊಣಕಾಲಿಗಂತ." ಕುಂಕುಮ ಬಣ್ಣದ ಎಣ್ಣೆ. ಬಳ್ಳಿ ಮತ್ತೆ ಕಾಯಿ ಕಟ್ಟಿತ್ತು! ಹೆಂಡತಿ ಮೊಣಕಾಲಿಗೆ ತಿಕ್ಕಿಕೊಂಡಳು, ಮನೆಯೆಲ್ಲ ಆ ಕಹಿ ವಾಸನೆ. ಯಾವ ಊರ ಹಕ್ಕಿಯೋ ಬೀಜ ತಂದು ಹಾಕಿ ಇನ್ನೊಂದು ಗಂಡು ಬಳ್ಳಿ ಎದ್ದಿರಬೇಕು, ತಾನಾಗಿಯೇ ಸರಿಹೋಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಸರಿಹೋದ ಮೇಲೆ ಹಳೆಯದನ್ನು ಯಾಕೆ ಕೆದಕಬೇಕು ಅಂದುಕೊಂಡೆ.

ಸತ್ತ ಸುದ್ದಿ ಫೋನಿನಲ್ಲಿ ಬಂತು. ನಮ್ಮ ಪದ್ಧತಿಯಂತೆ ಹೊಲದಲ್ಲೇ, ಅಣ್ಣನ ಪಕ್ಕದಲ್ಲಿ ಮಣ್ಣು ಮಾಡಿದೆವು. ಜನ ಕೈಕಾಲು ತೊಳೆಯಲು ಹೋದಾಗ ನಾನು ಹಳ್ಳದ ದಂಡೆಗೆ ನಡೆದೆ. ಬೇವಿನ ಮೇಲಿನ ಬಳ್ಳಿ ಹಳದಿ ಗೊಂಚಲು ಹೊತ್ತು ಬಾಗಿತ್ತು. ಮಾವಿನ ಬುಡದಲ್ಲಿ ಬಾರಿಮುಳ್ಳಿನ ಬೇಲಿ ಇತ್ತು. ಅಡಿಯ ಮುಳ್ಳು ಕೊಳೆತು ಮಣ್ಣಾಗಿತ್ತು, ಅದರ ಮೇಲಿನದು ಬೂದಿಬಣ್ಣಕ್ಕೆ ತಿರುಗಿತ್ತು, ಎಲ್ಲಕ್ಕೂ ಮೇಲಿನದರಲ್ಲಿ ಈ ವರ್ಷದ ಒಣಎಲೆ ಇನ್ನೂ ಅಂಟಿಕೊಂಡಿತ್ತು. ಬೇಲಿಯ ಒಳಗೆ ನಾನು ಕಡಿದ ಬಳ್ಳಿಯ ಮೋಟು. ಕೊಡಲಿಯ ಕಚ್ಚು ಕಪ್ಪಾಗಿದ್ದರೂ ಕಾಣುತ್ತಿತ್ತು. ಮೋಟಿನ ಪಕ್ಕದಿಂದ ಎದ್ದ ಚಿಗುರು ಈಗ ನನ್ನ ಮುಂಗೈ ದಪ್ಪವಾಗಿ, ಮಾವಿನ ತಲೆ ದಾಟಿ ಹೋಗಿತ್ತು. ಮಾವು ಚೆನ್ನಾಗಿಯೇ ಇತ್ತು.

ಅವರ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ನನ್ನ ಹಿಂದೆ ಬಂದು ನಿಂತಿದ್ದಳು. ನಾನು ಕಡಿದದ್ದು ಅವಳಿಗೆ ಗೊತ್ತಿಲ್ಲ, ಅವಳು ಬಂದದ್ದು ಆಮೇಲೆ.

"ಆಡು ತಿಂತಾವಂತ ವರ್ಷಾ ವರ್ಷಾ ಮುಳ್ಳು ಹಾಕಸ್ತಿದ್ರು ಅಮ್ಮಾರು. ಇದು ಗಂಡಂತ್ರಿ, ಇದು ಬದುಕಿದ್ರನ ಅದು ಕಾಯಿ ಹಿಡಿಯೂದಂತ."

"ಊರಾಗ ಯಾರಿಗೂ ಹೇಳಲಿಲ್ಲೇನು?"

"ಹೇಳ್ರಿ ಅಂದೆ ರೀ ನಾನು. ಹೇಳಿದ್ರ ಯಾರು ಕಡದ್ರು ಅಂತ ಕೇಳ್ತಾರ, ಬ್ಯಾಡ ಅಂದ್ರು. ಯಾರು ಕಡದ್ರಿ ಅಮ್ಮಾ ಅಂತ ನಾನ ಕೇಳಿದ್ರ, ಗಾಳಿ ಬಂತು, ಮುರೀತು ಅಂತ ನಗ್ತಿದ್ರು. ಕೊಡಲಿ ಕಚ್ಚು ನಮಗೇನು ಕಾಣಂಗಿಲ್ಲೇನ್ರಿ ಯಜಮಾನ್ರ?"

ಅವರಿಗೆ ಅದು ಯಾವಾಗ ತಿಳಿಯಿತೋ. ಬೇಲಿಯ ಅಡಿಯ ಮುಳ್ಳು ನೋಡಿದರೆ ಕುಬಸಕ್ಕಿಂತ ಮೊದಲೇ ತಿಳಿದಿರಬೇಕು. ಅಂದರೆ ಚೀಲ ತೊಡೆಯ ಮೇಲಿಟ್ಟು ಕೂತಾಗಲೂ ಗೊತ್ತಿತ್ತು. ಒಂದು ಮಾತು ಅಂದಿದ್ದರೆ ಎದ್ದು ಬಂದು ಉಡಿ ತುಂಬಬಹುದಿತ್ತು. ಆ ಮಾತಿಗೆ ನನ್ನ ಹೆಸರು ಸೇರಿಸಬೇಕಾಗುತ್ತಿತ್ತು.

ಬಳೆಯ ವಿಷಯ ಮೊನ್ನೆ ಮಗಳಿಗೆ ಫೋನಿನಲ್ಲಿ ಹೇಳಿದೆ. ಯಾವ ಬಳೆ ಎಂದು ಎರಡು ಸಲ ಕೇಳಿದಳು. ಆಮೇಲೆ, "ಅಪ್ಪಾ, ದೊಡ್ಡವ್ವ ಇರೂ ಮುಂದ ಯಾಕ ಹೇಳಲಿಲ್ಲ?" ಅಂದಳು. ಫೋನಿಟ್ಟು ಇದನ್ನು ಬರೆಯಲು ಕೂತೆ. ನಾಳೆ ಇದನ್ನು ಕೊಹಿನೂರಿಗೆ ಒಯ್ದು, ಬಾಟಲಿ ಹಿಡಿದು ಬರುತ್ತಿದ್ದ ಹೆಂಗಸರಲ್ಲಿ ಉಳಿದವರನ್ನು ಕೂಡಿಸಿ ಓದುತ್ತೇನೆ. ಈ ವರ್ಷದ ಮುಳ್ಳನ್ನೂ ನಾನೇ ಹಾಕಿ ಬರುತ್ತೇನೆ.

ಗಾಳಿ ಬಂದಿರಲಿಲ್ಲ. ಕಡಿದವನು ನಾನು. ತಪ್ಪಾಯ್ತ್ರಿ, ವೈನಿ.